ಹುಳಕ್ಕೂ ಬೇನೆಯುಂಟು

ರಾತ್ರಿ ಬದುವಿನಲ್ಲಿ ಚಿರ್ರೆನ್ನುವ ಚಿಮ್ಮಂಡೆಗೂ ಬೇನೆ ಬರುತ್ತದೆಂದರೆ ನಗುವವರುಂಟು. 1970ರಲ್ಲಿ ಆಸ್ಟ್ರೇಲಿಯದಲ್ಲಿ ಹಿಂಗಾಲಿಗೆ ಲಕ್ವಾ ಹೊಡೆದು ಸಾಯುವ ಚಿಮ್ಮಂಡೆಗಳಲ್ಲಿ ಒಂದು ವೈರಸ್ ಕಂಡುಬಂದಿತು. ಅದು ದೂರದ ಮಾತು. ಮುರುಮ, ನಿಲಂಗಾ, ಉದಗೀರ ಸೀಮೆಯ ಒಕ್ಕಲಿಗರು ಅರಿಯಬೇಕಾದುದು ತೊಗರಿ, ಕಡಲೆ ತಿನ್ನುವ ಕಾಯಿಕೊರಕದ ಬೇನೆಯನ್ನು.

1997–98ರಲ್ಲಿ ನೆರೆಯ ಕಲಬುರ್ಗಿ ಸೀಮೆಯ ತೊಗರಿಯನ್ನು ಇದೇ ಹುಳ ನುಂಗಿತು. ಎಣ್ಣೆಯ ಮೇಲೆ ಎಣ್ಣೆ ಹೊಡೆದರೂ ಜಗ್ಗಲಿಲ್ಲ. ರೈತನಿಗೆ ಉಳಿದದ್ದು ಅಂಗಡಿಯ ಸಾಲ. ಎಣ್ಣೆಗೆ ಒಗ್ಗಿಹೋದ ಈ ಹುಳವನ್ನು ಕೊಲ್ಲುವ ವೈರಸ್ಸಿಗೆ ಎನ್‌ಪಿವಿ ಎನ್ನುತ್ತಾರೆ. ಅದು ಮೈಗೆ ತಾಗಿದರೆ ಸಾಲದು, ಎಲೆಯೊಡನೆ ಹೊಟ್ಟೆಗೆ ಹೋಗಬೇಕು. ಹುಳದ ಕರುಳಿನ ಕ್ಷಾರದಲ್ಲಿ ಅದರ ಕವಚ ಕರಗಿ ಬೇನೆ ಮೈಗೆಲ್ಲ ಹಬ್ಬುತ್ತದೆ. ಹುಳ ಮೇವು ಬಿಟ್ಟು ಗಿಡದ ತುದಿಗೇರಿ, ತಲೆಕೆಳಗಾಗಿ ಜೋತು ಸಾಯುತ್ತದೆ. ಚರ್ಮ ಒಡೆದು ಸುರಿಯುವ ರಸ ಕೆಳಗಿನ ಎಲೆಗೆ ಬಿದ್ದು ಬೇರೆ ಹುಳಕ್ಕೂ ತಗಲುತ್ತದೆ. ಮನುಷ್ಯನಿಗೆ, ದನಕ್ಕೆ, ಜೇನಿಗೆ ಇದರಿಂದ ಅಪಾಯವಿಲ್ಲ.

ಅಂಗಡಿಯಲ್ಲಿ ಮರಾಠಿಯ ‘ಘಾಟೇ ಅಳಿ’ ಹೆಸರಿನಿಂದ ಕೇಳಿರಿ. ಶೀಸೆಯ ಮೇಲೆ ‘ಎಲ್.ಇ.’ ಎಂದಿರುತ್ತದೆ, ಒಂದು ಎಲ್.ಇ. ಎಂದರೆ ಬೇನೆಯಿಂದ ಸತ್ತ ಒಂದು ಬಲಿತ ಹುಳದಷ್ಟು. ಎಕರೆಗೆ 100 ಎಲ್.ಇ. ಸಾಕು. 200 ಲೀಟರ್ ನೀರಿಗೆ ಒಂದು ಕಿಲೋ ಬೆಲ್ಲ ಕೂಡಿಸಿ ಸಂಜೆಯೇ ಸಿಂಪಡಿಸಬೇಕು, ಬಿಸಿಲು ವೈರಸ್ಸನ್ನು ಕೊಲ್ಲುತ್ತದೆ. ಸಣ್ಣ ಮರಿಹುಳ ಕಂಡ ಕೂಡಲೆ ಹೊಡೆಯಿರಿ. ಬಲಿತ ಹುಳ ಸುಲಭಕ್ಕೆ ಸಾಯದು. ಅಂಥವನ್ನು ಗಿಡ ಅಲ್ಲಾಡಿಸಿ ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಕೆಡವುವುದೇ ಲೇಸು. ಕಡಲೆಯ ಎಲೆಯ ಮೇಲೆ ಈ ವೈರಸ್ಸಿನ ಬಲ ಸ್ವಲ್ಪ ಕುಗ್ಗುವುದರಿಂದ ಅಲ್ಲಿ ಇನ್ನೂ ಬೇಗ ಎಚ್ಚರಾಗಬೇಕು.

ಹುಳ ಸಾಯಲು ಐದಾರು ದಿನ ಹಿಡಿಯುತ್ತದೆ. ನಮ್ಮವರಿಗೆ ಅಷ್ಟು ತಾಳ್ಮೆಯಿಲ್ಲ. ಮೂರನೆಯ ದಿನವೇ ಮತ್ತೆ ಎಣ್ಣೆಯ ಡಬ್ಬಿಗೆ ಕೈ ಹಾಕುತ್ತಾರೆ. ಎಣ್ಣೆ ಬಿದ್ದರೆ ಹುಳ ತಿನ್ನುವ ಇತರ ಕೀಟಗಳೂ ಸಾಯುತ್ತವೆ.

ತುದಿಯಲ್ಲಿ ಕಪ್ಪಾಗಿ ಜೋತ ಹುಳ ಕಂಡರೆ ಕಿತ್ತೆಸೆಯಬೇಡಿರಿ. ಅಂಥ ನೂರು ದೊಡ್ಡ ಹುಳ ಕೂಡಿದರೆ ನೀರಿನಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ಒಂದೆಕರೆಗೆ ಹೊಡೆಯಬಹುದು.