ಗಾರೆ ಕೆಲಸದ ಅಕ್ಕನ ಹೆಸರಿಗೂ ಒಂದು ಕಾರ್ಡು



ನಮ್ಮ ಸಂಘಗಳಲ್ಲಿ ಮರಳು, ಜಲ್ಲಿ, ಇಟ್ಟಿಗೆ ಹೊರುವ ಅಕ್ಕಂದಿರು ಅನೇಕರಿದ್ದಾರೆ. "ಇವತ್ತು ಈ ಮೇಸ್ತ್ರಿ, ನಾಳೆ ಆ ಮೇಸ್ತ್ರಿ. ವಯಸ್ಸಾದ ಮೇಲೆ ನಮಗೆ ಯಾರು ಕೊಡ್ತಾರೆ?" ಎಂದು ಕೇಳುವುದುಂಟು. ಒಬ್ಬನೇ ಮಾಲೀಕನ ಹತ್ತಿರ ಕೆಲಸ ಇಲ್ಲದಿರುವಾಗ ಪಿ.ಎಫ್. ಕಟ್ಟುವವರೂ ಇಲ್ಲ. ಆದ್ದರಿಂದ ಈ ಜವಾಬ್ದಾರಿ ಸರ್ಕಾರದ್ದು.

1996ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ಕಾನೂನು ತಂದಿತು. ಕಟ್ಟಡ ಕಟ್ಟಿಸುವವರು ಖರ್ಚಿನ ಶೇಕಡಾ 1ರಷ್ಟು ಸೆಸ್ ಕಟ್ಟಬೇಕೆಂದಾಯಿತು. ಅಂದರೆ 1 ಕೋಟಿ ರೂಪಾಯಿಯ ಕಟ್ಟಡಕ್ಕೆ 1 ಲಕ್ಷ ರೂಪಾಯಿ. ಸ್ವಂತ ವಾಸದ ಸಣ್ಣ ಮನೆಗೆ ವಿನಾಯಿತಿ ಇದೆ. ಈ ಹಣದಿಂದ ಕಾರ್ಮಿಕರಿಗೆ ಸವಲತ್ತು ಕೊಡಲು 2007ರಲ್ಲಿ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ರಚನೆಯಾಯಿತು. 2025ರ ನವೆಂಬರ್ 21ರಿಂದ ಈ ಕಾನೂನು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸೆಸ್ ಮತ್ತು ಮಂಡಳಿಯ ವ್ಯವಸ್ಥೆ ಅದರಲ್ಲೂ ಇದೆ.

ಇದನ್ನು ಧರ್ಮಕ್ಕೆ ಕೊಡುವ ಹಣ ಎಂದು ತಿಳಿಯಬೇಡಿ. ನೀವು ಹೊತ್ತ ಬಾಂಡ್ಲಿಯ ಲೆಕ್ಕದಲ್ಲಿ ಬಂದ ಹಣ ಇದು. ಪಿಂಚಣಿ, ಹೆರಿಗೆ ಸಹಾಯ, ಮಕ್ಕಳ ಓದಿಗೆ ಧನಸಹಾಯ, ಅಪಘಾತ ಪರಿಹಾರ ಎಲ್ಲವೂ ಇದರಿಂದಲೇ.

ಆದರೆ ನೋಂದಣಿ ಆದವರಿಗೆ ಮಾತ್ರ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ರಾಜ್ಯದಲ್ಲಿ ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. ಅದೇ ಕೆಲಸ ಮಾಡಿಯೂ ಕಾರ್ಡು ಇಲ್ಲದವರು ಈ ಲೆಕ್ಕಕ್ಕೆ ಬರಲಿಲ್ಲ.

ಯಾರು ನೋಂದಾಯಿಸಬಹುದು?

* 18 ವರ್ಷ ತುಂಬಿದ, 60 ದಾಟದ ಕಾರ್ಮಿಕರು.
* ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದವರು. ಬೇರೆ ಬೇರೆ ಮೇಸ್ತ್ರಿಗಳ ಹತ್ತಿರ ಮಾಡಿದ ದಿನಗಳೂ ಸೇರುತ್ತವೆ.

"ಗಂಡನ ಕಾರ್ಡು ಇದೆಯಲ್ಲ, ಸಾಕು" ಅನ್ನಬೇಡಿ. ಅವರ ಪಿಂಚಣಿ ಅವರ ದುಡಿಮೆಗೆ, ನಿಮ್ಮದು ನಿಮ್ಮ ದುಡಿಮೆಗೆ. ಕೆಲಸಕ್ಕೆ ಹೋದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. 90 ದಿನದ ದೃಢೀಕರಣ ಪತ್ರ ಕೇಳುವಾಗ ಅದು ಬೇಕಾಗುತ್ತದೆ. ಮೇಸ್ತ್ರಿ ಕೊಡಲು ಹಿಂದೇಟು ಹಾಕಿದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಛೇರಿಗೆ ನಾಲ್ಕು ಜನ ಒಟ್ಟಾಗಿ ಹೋಗಿ ವಿಚಾರಿಸಿ. ಕಾರ್ಡು ಸಿಕ್ಕ ಮೇಲೆ ಅವಧಿ ಮುಗಿಯುವ ಮೊದಲೇ ನವೀಕರಿಸಿ.

ಕಟ್ಟಡ ಕೆಲಸ ಮಾಡದವರು ಸುಳ್ಳು ಪತ್ರ ಕೊಟ್ಟು ಕಾರ್ಡು ಮಾಡಿಸುವುದು ಬೇಡ. ಅದು ನಮ್ಮ ಅಕ್ಕತಂಗಿಯರ ಪಾಲನ್ನೇ ಕಿತ್ತುಕೊಂಡಂತೆ.

ಸಂಘದಲ್ಲಿ ಚರ್ಚಿಸಿ:

1. ನಮ್ಮಲ್ಲಿ ಗಾರೆ ಕೆಲಸಕ್ಕೆ ಹೋಗುವವರು ಎಷ್ಟು ಮಂದಿ? ತಮ್ಮ ಹೆಸರಿನಲ್ಲೇ ಕಾರ್ಡು ಇರುವವರು ಎಷ್ಟು?
2. ಓದು ಬರಹ ಬಾರದವರ ಕೆಲಸದ ದಿನಗಳನ್ನು ಯಾರು ಬರೆದುಕೊಡುತ್ತೀರಿ?