ಗಾಡಿಯ ಶಾರ್ಟ್ ಹುಡುಕಲು ಒಂದು ಬಲ್ಬು ಸಾಕು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಹೊಟ್ಟು ಸಾಗಿಸಲಿಕ್ಕೂ, ಈರುಳ್ಳಿಯನ್ನು ಬೆಂಗಳೂರಿಗೆ ಹೊಡೆಯಲಿಕ್ಕೂ ಹಳೇ ಡೀಸೆಲ್ ಲಾರಿಯೇ ಗತಿ. ನಾವು ಮೂವರು ಸೇರಿ ಒಂದು ಇಟ್ಟುಕೊಂಡಿದ್ದೇವೆ. ಸುಗ್ಗಿಯಲ್ಲಿ ದುಡಿಯುತ್ತೆ, ಉಳಿದ ದಿನ ಬೇವಿನ ಮರದಡಿ ನಿಂತಿರುತ್ತೆ. ನಿಂತಾಗಲೇ ಇಲಿ ಸೇರೋದು. ಸೀಟಿನಡಿ ನಾಲ್ಕು ಕಾಳು ಶೇಂಗಾ ಬಿದ್ದಿದ್ದರೆ ಕೇಳೋದೇ ಬೇಡ, ಕಾಳು ಮುಗಿದ ಮೇಲೆ ವೈರಿನ ತೊಗಟೆಗೆ ಬಾಯಿ ಹಾಕುತ್ತೆ.

ತೊಗಟೆ ಹೋದ ವೈರು ಚಾಸಿಗೆ ತಗುಲಿದರೆ ಅದೇ ಶಾರ್ಟು. ಗಾಡಿಯ ಕಬ್ಬಿಣವೆಲ್ಲ ಬ್ಯಾಟರಿಯ ಮೈನಸ್ಸಿಗೆ ಸೇರಿರೋದರಿಂದ ಪ್ಲಸ್ ವೈರು ಎಲ್ಲಿ ಮುಟ್ಟಿದರೂ ಕರೆಂಟು ಒಮ್ಮೆಗೇ ನುಗ್ಗುತ್ತೆ. ಫ್ಯೂಸು ಸುಟ್ಟರೆ ವೈರು ಉಳಿಯಿತು. ಕೆಲವರು ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ, ಬೀಡಿ ಕಟ್ಟಿನ ಬೇಗಡೆ ಸುತ್ತುತ್ತಾರೆ. ಆಗ ಸುಡೋದು ವೈರು, ಅದರ ಮೇಲೆ ಹೊಟ್ಟಿನ ಲೋಡಿದ್ದರೆ ಗಾಡಿಯೇ. 12 ವೋಲ್ಟಿನ ಗಾಡಿಯಲ್ಲಿ 60 ವಾಟಿನ ಎರಡು ಹೆಡ್‌ಲೈಟು ಎಳೆಯೋದು 10 ಆಂಪಿಯರು. ಅಲ್ಲಿಗೆ 15ರ ಫ್ಯೂಸು ಸಾಕು, 30ರದು ಹಾಕಿದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಫ್ಯೂಸು ಮೇಲಿಂದ ಮೇಲೆ ಹೋಗುತ್ತಿದ್ದರೆ ಹೊಸದು ಹಾಕುತ್ತಾ ಕೂರಬೇಡಿ. ಬ್ರೇಕಿಗೆ ಹಾಕೋ 21 ವಾಟಿನ ಬಲ್ಬಿಗೆ ಎರಡು ವೈರು ಕಟ್ಟಿ, ಸುಟ್ಟ ಫ್ಯೂಸಿನ ಎರಡು ತುದಿಗೆ ಕೊಡಿ. ದೊಡ್ಡ ಲಾರಿಯಾದರೆ 24 ವೋಲ್ಟಿನ ಬಲ್ಬೇ ಬೇಕು. ಆ ಲೈನಿನ ಲೈಟು, ಹಾರನ್ನು ಕಳಚಿ ಸ್ವಿಚ್ಚು ಹಾಕಿ. ಬಲ್ಬು ಪೂರಾ ಉರಿದರೆ ಶಾರ್ಟ್ ಇದೆ ಅಂತ. ಈ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಬಿಡೋದಿಲ್ಲ, ಹಾಗಾಗಿ ವೈರು ಸುಡುವ ಭಯ ಇಲ್ಲ. ಈಗ ಒಬ್ಬರು ಬಲ್ಬು ನೋಡುತ್ತಿರಲಿ, ಇನ್ನೊಬ್ಬರು ವೈರಿನ ಕಟ್ಟನ್ನು ಮುಂದಿನಿಂದ ಹಿಂದಕ್ಕೆ ಅಲುಗಾಡಿಸುತ್ತಾ ಹೋಗಲಿ. ಎಲ್ಲಿ ಕೈ ಹಾಕಿದಾಗ ಬಲ್ಬು ಮಿಣುಕುತ್ತೋ ಅಲ್ಲೇ ಗಾಯ. ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಹಿಂದಿನ ಲೈಟಿಗೆ ಹೋಗೋ ವೈರು ಚಾಸಿಯ ತೂತು ದಾಟೋ ಕಡೆ. ರಬ್ಬರ್ ಬಳೆ ಯಾವತ್ತೋ ಉದುರಿ ತಗಡಿನ ಅಂಚು ವೈರನ್ನು ಕೊಯ್ದಿತ್ತು. ಸೈಲೆನ್ಸರ್ ಪಕ್ಕ, ಬಾಗಿಲ ಹಿಂಜಿನ ಹತ್ತಿರವೂ ನೋಡಿ.

ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ, ಎಲ್ಲಾ ಆಫ್ ಮಾಡಿ, ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ ಕಂಬಕ್ಕೂ ಕೇಬಲ್ಲಿಗೂ ನಡುವೆ ಅದೇ ಬಲ್ಬು ಹಿಡಿಯಿರಿ. ಉರಿದರೆ ಒಂದೊಂದೇ ಫ್ಯೂಸು ಕೀಳಿ. ಆರಿದ ಲೈನೇ ಕಳ್ಳ. ಎಲ್ಲಾ ಕಿತ್ತರೂ ಉರಿದರೆ ಫ್ಯೂಸಿಲ್ಲದ ಸ್ಟಾರ್ಟರ್, ಆಲ್ಟರ್ನೇಟರ್ ಕಡೆ ನೋಡಬೇಕು.

ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕೋದು ಹೆಚ್ಚಾಗಿ ಶಾರ್ಟಲ್ಲ, ಅರ್ಥ್ ತುಕ್ಕು ಹಿಡಿದಿರೋದು. ಬೋಲ್ಟು ಬಿಚ್ಚಿ ಉಪ್ಪುಕಾಗದ ತಿಕ್ಕಿ ಬಿಗಿ ಮಾಡಿ.

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಅದೇ ಕೊನೆಗೆ. ಪ್ಲಸ್ಸು ಬಿಚ್ಚೋ ಸ್ಪ್ಯಾನರು ಬಾಡಿಗೆ ತಗುಲಿದರೂ ಆಗ ಕಿಡಿ ಹಾರೋದಿಲ್ಲ. ದಾರಿಯಲ್ಲಿ ಹೊಗೆ ಬಂದರೆ ಮಾತ್ರ ಮೊದಲು ಇಂಜಿನ್ ನಿಲ್ಲಿಸಿ. ಹಳೇ ಡೀಸೆಲ್ ಪಂಪಿನ ಇಂಜಿನ್ನಿಗೆ ಓಡಲು ಕರೆಂಟು ಬೇಡ. ಸ್ಟಾಪ್ ಕೇಬಲ್ ಇರೋ ಗಾಡಿಯಲ್ಲಿ ಕೀ ತಿರುಗಿಸಿದರೆ ನಿಲ್ಲೋದಿಲ್ಲ, ಕೇಬಲ್ಲನ್ನೇ ಎಳೆಯಬೇಕು. ಇಂಜಿನ್ ಓಡುತ್ತಿದ್ದರೆ ಬ್ಯಾಟರಿ ಬಿಚ್ಚಿದರೂ ಆಲ್ಟರ್ನೇಟರ್ ಕರೆಂಟು ಕೊಡುತ್ತಲೇ ಇರುತ್ತೆ, ಅದರ ಡಯೋಡೂ ಹೋಗಬಹುದು. ಬ್ಯಾಟರಿ ಪಕ್ಕ ಒಂದು ಕಟಾಫ್ ಸ್ವಿಚ್ ಕೂರಿಸಿಕೊಂಡರೆ ಅವಸರಕ್ಕೆ ಪಾನಾ ಹುಡುಕೋದು ತಪ್ಪುತ್ತೆ.

ಗಾಯಕ್ಕೆ ಬರೀ ಟೇಪು ಸುತ್ತಿದರೆ ನಮ್ಮ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ. ಅದೇ ದಪ್ಪದ ವೈರು ತಂದು ಬೆಸುಗೆ ಹಾಕಿ, ಬಿಸಿಗೆ ಕುಗ್ಗೋ ಸ್ಲೀವ್ ಏರಿಸಿ, ಮೇಲೆ ಸುರುಳಿ ಪೈಪು ತೊಡಿಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಇಂಜಿನ್ನಿನ ಕಂಪ್ಯೂಟರಿಗೂ ಸೆನ್ಸರಿಗೂ ಹೋಗೋ ವೈರಿಗೆ ಈ ಬಲ್ಬು ತಾಗಿಸಬೇಡಿ. ಲೈಟು, ಹಾರನ್ನಿಗೆ ಸರಿ, ಉಳಿದದ್ದಕ್ಕೆ ಮೀಟರ್ ಇರೋ ಮೆಕ್ಯಾನಿಕ್ಕೇ ಬೇಕು.