ಗಣಕಯಂತ್ರದ ಗಳಿಗೆ ಬಟ್ಟಲು

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಹೆಚ್ಚೆಂದರೆ 20 ಕಿಲೋಮೀಟರು. ಆದರೂ ಭದ್ರಾವತಿಯಲ್ಲಿ ನಡುಹಗಲಾದ ಸುಮಾರು ಅರ್ಧ ನಿಮಿಷದ ಅನಂತರವೇ ಶಿವಮೊಗ್ಗೆಯಲ್ಲಿ ನಡುಹಗಲು. ಈ ಭೇದವನ್ನು ನಮ್ಮ ಗಡಿಯಾರಗಳು ಲೆಕ್ಕಿಸುವುದಿಲ್ಲ. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲವನ್ನೇ ತೋರಿಸುತ್ತವೆ. ಆ ಕಾಲವಾದರೋ ನಮ್ಮ ಸೂರ್ಯನಿಗಿಂತ ಸರಾಸರಿ 28 ನಿಮಿಷ ಮುಂದು. ಹಿರಿಯರ ಲೆಕ್ಕದಲ್ಲಿ ಒಂದು ಗಳಿಗೆ ಮೀರಿ ಚೂರು ಹೆಚ್ಚು.

ಗಳಿಗೆ ಬಟ್ಟಲನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲು ನೀರಿನಲ್ಲಿ ತೇಲಿ, 24 ನಿಮಿಷಕ್ಕೆ ಮುಳುಗಬೇಕು. ಆದರೆ ಅದನ್ನೆತ್ತಿ ಮತ್ತೆ ತೇಲಿಬಿಡುವಷ್ಟರಲ್ಲಿ ಒಂದೆರಡು ಕ್ಷಣ ಸೋರಿಹೋಗುವುದು ಅನಿವಾರ್ಯ. ಆ ಸೋರಿಕೆ ದಿನಗಟ್ಟಲೆ ಕೂಡಿಕೊಳ್ಳದಂತೆ ತಡೆದದ್ದು ಬಟ್ಟಲಿನ ನಯವಲ್ಲ, ಪ್ರತಿದಿನದ ಎಣಿಕೆಯನ್ನು ಸೂರ್ಯೋದಯದಿಂದ ಹೊಸದಾಗಿ ಆರಂಭಿಸುತ್ತಿದ್ದ ಪದ್ಧತಿ.

ನಮ್ಮ ಮೇಜಿನ ಮೇಲಿನ ಗಣಕಯಂತ್ರದ ಪಾಡೂ ಇದೇ. ಅದರೊಳಗೆ ಬಿಲ್ಲೆಯಂಥ ಬ್ಯಾಟರಿಯ ಬಲದಿಂದ ಒಂದು ಸ್ಫಟಿಕದ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತಿರುತ್ತದೆ. ಎರಡನ್ನು ಎರಡರಿಂದಲೇ ಗುಣಿಸುತ್ತ ಹೋದರೆ ಸಿಕ್ಕುವ ಸಂಖ್ಯೆಯಾದ್ದರಿಂದ ಅದನ್ನು ಅರ್ಧಿಸುತ್ತ ಬಂದು ಒಂದು ಸೆಕೆಂಡನ್ನು ಪಡೆಯುವುದು ಸುಲಭ. ಆದರೆ ಈ ಹರಳಿಗೆ ಹಿತವಾದದ್ದು ಸುಮಾರು 25 ಡಿಗ್ರಿಯ ಉಷ್ಣತೆ. ಕುಲುಮೆಯ ಸಮೀಪದ ಸೆಕೆಯಲ್ಲಿಯೂ ಆಗುಂಬೆಯ ಚಳಿಯಲ್ಲಿಯೂ ಅದು ನಿಧಾನಿಸುತ್ತದೆ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ತಪ್ಪಿದರೂ ಸಾಕು, ದಿನಕ್ಕೆ 1.7 ಸೆಕೆಂಡು ವ್ಯತ್ಯಾಸ. ಸೂರ್ಯನು ಈ ಎರಡು ಊರುಗಳ ನಡುವೆ ತೋರುವ ಅಂತರವನ್ನು ಎರಡೂವರೆ ವಾರದಲ್ಲಿ ಒಂದೇ ಯಂತ್ರ ತೋರಿಬಿಡುತ್ತದೆ!

ಯಂತ್ರದ ಮೇಲ್ವಿಚಾರಕನಾದ ಆಪರೇಟಿಂಗ್ ಸಿಸ್ಟಂ ಹರಳಿನಿಂದ ವೇಳೆಯನ್ನು ಕೇಳುವುದು ಬೆಳಗಾಗೆದ್ದಾಗ ಮಾತ್ರ. ಆಮೇಲೆ ಬೇರೊಂದು ಹರಳಿನ ಮಿಡಿತಗಳನ್ನು ತಾನೇ ಎಣಿಸುತ್ತ, ಆಗಾಗ ದೂರದ ಕಾಲಸೇವಕ ಯಂತ್ರಗಳನ್ನು ವಿಚಾರಿಸುತ್ತದೆ. ಹೀಗೆ ವಿಚಾರಿಸುವ ಶಿಷ್ಟಾಚಾರವನ್ನು 1985ರಲ್ಲಿ ರೂಪಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. ನಮ್ಮ ಪ್ರಮಾಣ ಕಾಲದ ಮೂಲವೋ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಪರಮಾಣು ಗಡಿಯಾರಗಳು.

ಉತ್ತರ ಬರುವಷ್ಟರಲ್ಲಿ ಅದು ಹಳಸಿರುತ್ತದಲ್ಲವೆ? ಅದಕ್ಕೊಂದು ಉಪಾಯವಿದೆ. ಪ್ರಶ್ನೆ ಹೊರಟು ಉತ್ತರ ಮರಳಲು 4 ಸೆಕೆಂಡು ಹಿಡಿಯಿತೆನ್ನಿ (ನಿಜವಾಗಿ ಹಿಡಿಯುವುದು ಸೆಕೆಂಡಿನ ಅತ್ಯಲ್ಪ ಭಾಗ). ಅದರಲ್ಲಿ ಅರ್ಧವನ್ನು, ಎಂದರೆ 2 ಸೆಕೆಂಡನ್ನು, ಉತ್ತರಕ್ಕೆ ಕೂಡಿಸಿಕೊಳ್ಳುವುದು. ಹೋಗುವ ದಾರಿಗಿಂತ ಬರುವ ದಾರಿ ದೀರ್ಘವಾದರೆ ಈ ಲೆಕ್ಕ ತಪ್ಪುತ್ತದೆ; ಆದುದರಿಂದಲೇ ಹಲವು ಸೇವಕರನ್ನು ಕೇಳಿ, ಹೊಂದದ ಮಾತನ್ನು ಬಿಡುವುದು.

ನನಗೆ ಬಹುವಾಗಿ ಮೆಚ್ಚಿಗೆಯಾದದ್ದು ಇದರ ಮುಂದಿನ ನಡೆ. ಗಡಿಯಾರ ಒಂದು ಸೆಕೆಂಡು ಮುಂದೋಡಿದ್ದರೆ ಮುಳ್ಳನ್ನು ಥಟ್ಟನೆ ಹಿಂದಕ್ಕೆ ತಿರುಗಿಸುವುದಿಲ್ಲ. ತಿರುಗಿಸಿದರೆ ಒಂದೇ ಸೆಕೆಂಡು ಎರಡು ಬಾರಿ ಬಂದು, ಮೊದಲು ಬರೆದ ಕಡತ ಆಮೇಲೆ ಬರೆದುದಾಗಿ ಕಾಣಬಹುದು. ಕಾರ್ಖಾನೆಯೊಂದರಲ್ಲಿ ಯಂತ್ರ ಕೆಟ್ಟು ನಿಂತಾಗ, ಮೊದಲು ಕೆಟ್ಟದ್ದು ವಿದ್ಯುತ್ತೋ ಪಂಪೋ ಎಂಬುದೇ ತಿಳಿಯದೆ ಹೋಗಬಹುದು. ಆದುದರಿಂದ ಅಂತರ ಅಲ್ಪವಾಗಿದ್ದರೆ ನಡಿಗೆಯನ್ನು ಕೊಂಚ ತಗ್ಗಿಸುತ್ತಾರೆ: ಲಿನಕ್ಸಿನ ರೂಢಿಯಲ್ಲಿ ಹತ್ತು ಲಕ್ಷಕ್ಕೆ 500ರಷ್ಟು. ಒಂದು ಸೆಕೆಂಡು ಸರಿಹೋಗಲು 2,000 ಸೆಕೆಂಡು ಬೇಕು. ಅಂತರ ಬಹಳವಿದ್ದರೆ ಮಾತ್ರ ಒಂದೇ ನೆಗೆತ. ಇದಲ್ಲದೆ, ತನ್ನ ಹರಳು ದಿನಕ್ಕೆಷ್ಟು ತಪ್ಪುತ್ತದೆಂಬುದನ್ನು ಬರೆದಿಟ್ಟುಕೊಂಡು, ಕೇಳಲು ಯಾರೂ ಇಲ್ಲದ ವೇಳೆಯಲ್ಲಿಯೂ ಅಷ್ಟನ್ನು ಕಳೆದೋ ಕೂಡಿಯೋ ನಡೆಯುತ್ತದೆ.

ಭದ್ರಾವತಿಯ ವಿದ್ಯಾರ್ಥಿನಿಯೊಬ್ಬಳು ಕಡೆಯ ದಿನದ ರಾತ್ರಿ ತನ್ನ ಯಂತ್ರದಲ್ಲಿ ಹನ್ನೆರಡಕ್ಕೆ ಹತ್ತು ಸೆಕೆಂಡಿರುವಾಗ ಅರ್ಜಿಯ ಗುಂಡಿಯೊತ್ತಿದಳೆಂದು ಭಾವಿಸಿ. ಅತ್ತ ಅರ್ಜಿ ಸ್ವೀಕರಿಸುವ ಯಂತ್ರದಲ್ಲಿ ಹನ್ನೆರಡು ದಾಟಿದ್ದರೆ ವರ್ಷವೇ ಹೋಯಿತು. ಮನೆಯ ಯಂತ್ರದ ವೇಳೆಯನ್ನು ಯಾರು ಬೇಕಾದರೂ ತಿರುಚಬಹುದಾದ್ದರಿಂದ ಅಲ್ಲಿಯ ಮಾತೇ ನಡೆಯತಕ್ಕದ್ದು; ಆದರೆ ಅಲ್ಲಿಯದೂ ಹರಳೇ ತಾನೆ! ಸಂಸ್ಥೆಗಳು ತಮ್ಮ ಯಂತ್ರಗಳನ್ನು ಸರ್ಕಾರದ ಕಾಲಸೇವಕಗಳೊಡನೆ ಹೊಂದಿಸಿಕೊಳ್ಳಬೇಕೆಂದು 2022ರ ಏಪ್ರಿಲಿನಲ್ಲಿ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಆದೇಶಿಸಿತು. ಆ ಹುಡುಗಿಯ ಪಾಲಿಗೆ ಅದು ಹತ್ತು ಸೆಕೆಂಡಿನ ಪ್ರಶ್ನೆ.